ಅರ್ಧ ಇಂಚು ಒಳಗೆ

ಕ್ಯಾನ್ಸರಿಗೆ ಕೀಮೋ ನಡೆಯುತ್ತಿರುವ ಮೈಗೆ ಬರುವ ಜ್ವರ ಬರೀ ಜ್ವರವಲ್ಲ, ಆಸ್ಪತ್ರೆಗೆ ಓಡಿ ಎಂಬ ಕೂಗು. ಮಾತ್ರೆ ನುಂಗಿಸಿದರೆ ಕೂಗು ಅಡಗುತ್ತದೆ, ಒಳಗಿನ ಬೆಂಕಿ ಆರುವುದಿಲ್ಲ. ಹೆಂಡತಿಗೆ ಕೀಮೋ ಹಿಡಿಸಿದ್ದ ನಮ್ಮ ಬೀದಿಯ ದರ್ಜಿಗೆ ಇದು ಗೊತ್ತಿರಲಿಲ್ಲ. ಆಸ್ಪತ್ರೆಯ ಚೀಟಿಯಲ್ಲಿತ್ತು, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ. ಓದಿ ಹೇಳುವ ಪುರುಸೊತ್ತು ಯಾರಿಗಿತ್ತು?

ಮೂವತ್ತು ವರ್ಷದಿಂದ ಆತ ಪಾಲಿಸಿದ್ದು ಒಂದೇ ನೇಮ: ಗಿರಾಕಿಯ ಅಳತೆ ಗಿರಾಕಿಯ ಕಿವಿಗೂ ಬೀಳಬಾರದು. ಮೈ ಬಂದವರ ಅಂಗಿಯನ್ನು ಸದ್ದಿಲ್ಲದೆ ಬಿಚ್ಚಿ ಸಡಿಲಿಸಿ ಕೊಡುತ್ತಿದ್ದ. "ನಾನಿನ್ನೂ ಹಾಗೇ ಇದೀನಿ ನೋಡಿ" ಎಂದು ಅವರು ಬೀಗಿದರೆ ಗಂಭೀರವಾಗಿ ತಲೆಯಾಡಿಸುತ್ತಿದ್ದ.

ಕೀಮೋ ಶುರುವಾದ ಮೇಲೆ ಹೆಂಡತಿಗೆ ತುತ್ತು ಇಳಿಯದಾಯಿತು. ಅವಳ ಕೊರಳ ಗುಳಿ ದರ್ಜಿಯ ಕಣ್ಣಿಗೆ ಬಿತ್ತು. ಸೊರಗುತ್ತಿರುವುದು ಅವಳಿಗೆ ತಿಳಿದರೆ ಧೈರ್ಯಗೆಟ್ಟಾಳು. ಇಸ್ತ್ರಿಯ ನೆಪದಲ್ಲಿ ಅವಳ ಅಂಗಿಗಳನ್ನೆಲ್ಲ ಅಂಗಡಿಗೆ ಒಯ್ದು, ಬಗಲಲ್ಲಿ ಅರ್ಧ ಇಂಚು ಒಳಗೆ ಹಿಡಿದು ಹೊಲಿದು ತಂದ. ಹದಿನೈದು ದಿನಕ್ಕೆ ಮತ್ತೆ ಅರ್ಧ ಇಂಚು.

ತೂಕ ಇಳಿಯುತ್ತಿದೆಯೇ ಎಂದು ತಿಳಿಯಲು ಆಸ್ಪತ್ರೆಯ ನರ್ಸ್ ವಾರಕ್ಕೊಮ್ಮೆ ಫೋನ್ ಮಾಡಿ ಹೆಂಡತಿಯನ್ನು ಕೇಳುತ್ತಿದ್ದಳು. "ಅಕ್ಕ, ಬಟ್ಟೆ ಸಡಿಲ ಆಗ್ತಿದೆಯಾ?"

"ಇಲ್ಲಮ್ಮ, ಸರಿಯಾಗೇ ಇದೆ. ದರ್ಜಿ ಹೆಂಡ್ತಿ ನಾನು, ಬಟ್ಟೆ ನನಗೆ ಸುಳ್ಳು ಹೇಳುತ್ತಾ?"

ಪಕ್ಕದಲ್ಲಿದ್ದ ದರ್ಜಿ ಕೆಮ್ಮಿ ಎದ್ದು ಅಂಗಡಿಗೆ ಹೊರಟ.

ಒಂದು ಮಧ್ಯಾಹ್ನ ಅವಳ ಮೈ ಜ್ವರಕ್ಕೆ ಕಾಯತೊಡಗಿತು. "ಏನ್ರೀ, ನರ್ಸಮ್ಮನಿಗೆ ಒಂದು ಮಾತು ಹೇಳೋಣ್ವಾ?"

ದರ್ಜಿ ಲೆಕ್ಕ ಹಾಕಿದ: ಹೇಳಿದರೆ ಬರಹೇಳುತ್ತಾರೆ, ತಕ್ಕಡಿ ಹತ್ತಿಸುತ್ತಾರೆ, ಗುಟ್ಟು ರಟ್ಟಾಗುತ್ತದೆ. "ಇಷ್ಟಕ್ಕೆಲ್ಲ ಅವರ ತಲೆ ಯಾಕೆ ತಿನ್ನೋದು? ಜ್ವರದ ಮಾತ್ರೆ ತರ್ತೀನಿ, ಸುಮ್ನಿರು."

ಮೂಲೆಯ ಔಷಧಿ ಅಂಗಡಿಯವನು "ಯಾರಿಗೆ ಟೈಲರ್ ಮೇಷ್ಟ್ರೇ?" ಎಂದ. "ಮನೆಗೆ." ಅಷ್ಟಕ್ಕೇ ಮಾತ್ರೆಯ ಹಾಳೆ ಕತ್ತರಿಸಿ ಕೊಟ್ಟ. ಮನೆಯಲ್ಲಿ ಯಾರಿಗೆ, ಬೇರೆ ಯಾವ ಔಷಧಿ ನಡೆಯುತ್ತಿದೆ ಎಂದು ಕೇಳಿದ್ದರೆ ಅವನ ನಾಲಿಗೆ ಸವೆಯುತ್ತಿತ್ತೆ?

ಜ್ವರ ಇಳಿಯಿತು. ಏರಿತು. ಮತ್ತೊಂದು ಮಾತ್ರೆ. ಮೂರನೆಯ ದಿನ ನೀರಿನ ಲೋಟ ಅವಳ ಕೈಯಿಂದ ಜಾರಿತು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ್ದು ಒಂದೇ ಮಾತು: "ಮೊದಲ ದಿನವೇ ಯಾಕೆ ಬರಲಿಲ್ಲ?" ಸೋಂಕು ರಕ್ತಕ್ಕಿಳಿದಿತ್ತು. ಎದುರಿಸಲು ಮೈಯಲ್ಲಿ ಉಳಿದದ್ದೇನು? ಎಂಟು ಕೆ.ಜಿ. ಕರಗಿತ್ತು. ಅಂಗಿ ಬಿಚ್ಚುತ್ತಿದ್ದ ನರ್ಸ್ ಬಗಲ ಒಳಗಿನ ಎರಡು ಸಾಲು ಹೊಲಿಗೆಯ ಮೇಲೆ ಬೆರಳಾಡಿಸಿ ನಿಂತಳು. ಹೆಂಡತಿ ಗಂಡನನ್ನು ನೋಡಿದಳು.

"ನೀವಾ? ಕೈ ಚೆನ್ನಾಗಿದೆ ಕಣ್ರೀ, ನನಗೇ ಗೊತ್ತಾಗಲಿಲ್ಲ."

ಅದೇ ಅವಳ ಕೊನೆಯ ಮಾತು.

ಆ ಅಂಗಿಯ ಹೊಲಿಗೆಯನ್ನು ದರ್ಜಿ ಈಗ ಒಂದೊಂದಾಗಿ ಬಿಚ್ಚುತ್ತಾನೆ, ಮತ್ತೆ ಹಾಕುತ್ತಾನೆ, ಮತ್ತೆ ಬಿಚ್ಚುತ್ತಾನೆ. ಅವನನ್ನು ಬೈಯಲು ನನಗೆ ಬಾಯಿಲ್ಲ. ನಿಮಗೆ ಹೇಳಲು ಇದೆ. ನಿಮ್ಮ ಮನೆಯಲ್ಲಿ ಕೀಮೋ ನಡೆಯುತ್ತಿದ್ದರೆ ಅಂಗಿಯನ್ನು ಕೇಳಬೇಡಿ, ತಕ್ಕಡಿಯನ್ನು ಕೇಳಿ. ಅದು ಹೇಳಿದ್ದನ್ನು ಆಸ್ಪತ್ರೆಗೆ ಮುಚ್ಚಿಡಬೇಡಿ. ಮೈ ಬೆಚ್ಚಗಾದರೆ ಮಾತ್ರೆಗೆ ಕೈ ಹಾಕುವ ಮೊದಲು ಫೋನಿಗೆ ಕೈ ಹಾಕಿ. ಆಸ್ಪತ್ರೆಯ ನಂಬರನ್ನು ಈಗಲೇ, ಈ ಪುಟ ಮಡಿಸುವ ಮೊದಲೇ, ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಯಿರಿ.