ಬಸವಣ್ಣ ಕಳಿಸಿದ ಫೌಜದಾರ

ಬಸವಣ್ಣನನ್ನು ನಂಬಿದ ಎಲ್ಲ ಅಕ್ಕತಂಗಿಯರಿಗೆ ಶರಣು. ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮ ಮನೆಯವರ ಜೀವ ಹೇಗೆ ಉಳಿಯಿತೆಂದು ಹೇಳುತ್ತೇನೆ, ಕೇಳಿ.

ನನ್ನ ತವರು ದೇವದುರ್ಗದ ಹತ್ತಿರದ ಜಾಲಹಳ್ಳಿ. ಕೊಟ್ಟದ್ದು ಮಾನ್ವಿಗೆ. ನಮ್ಮವರು ಲಾರಿ ಡ್ರೈವರು, ರೈಸ್ ಮಿಲ್ಲಿನಿಂದ ರಾಯಚೂರಿಗೆ ಅಕ್ಕಿ ಒಯ್ಯುತ್ತಿದ್ದರು. ತಿರುಗಿ ಬರುವಾಗ ಸೇಂದಿ ಅಂಗಡಿಯಲ್ಲಿ ಇಳಿಯದೆ ಬಂದವರಲ್ಲ. ಪಕ್ಕದ ಮನೆಯ ಡ್ರೈವರು ಹಾಗೇ ಕುಡಿದು, ಲಾರಿಯನ್ನು ಕಾಲುವೆಗೆ ಬೀಳಿಸಿ ಸತ್ತ. ಅವನ ಹೆಂಡತಿ ಮನೆ ಖಾಲಿ ಮಾಡಿ ಹೋದಳು. ನನಗಿದ್ದ ಗೆಳತಿ ಅವಳೊಬ್ಬಳೇ. ನನಗೆ ಮಕ್ಕಳೂ ಇರಲಿಲ್ಲ. ದಿನವೆಲ್ಲ ಗೋಡೆ ನೋಡುತ್ತ, ಇವತ್ತು ಇವರು ಬರುತ್ತಾರೋ ಇವರ ಹೆಣ ಬರುತ್ತದೋ ಎಂದು ಕೂತಿರುತ್ತಿದ್ದೆ.

ಲಾರಿಯೊಳಗೆ ಬಸವಣ್ಣನ ಫೋಟೊ ಇಡಿಸಿದೆ. ನಮ್ಮವರು ಕುಡಿಯಲು ಇಳಿಯುವಾಗ ಅದಕ್ಕೆ ಟವೆಲ್ ಮುಚ್ಚುವುದು, ಕುಡಿದು ಬಂದಮೇಲೆ ಟವೆಲ್ ತೆಗೆದು ಕೈಮುಗಿಯುವುದು! "ದೇವ್ರು ನೋಡಿಲ್ಲ ಬಿಡು. ಹಣಿಗೆ ಇಬತ್ತಿ ಹಚ್ಕೊಂಡೀನಿ, ನನಗೇನಾಗ್ತದ?" ಎನ್ನುತ್ತಿದ್ದರು. ನಮ್ಮ ಕಡೆಯ ಡ್ರೈವರುಗಳೆಲ್ಲ ಇಂಥ ಭಕ್ತರೇ.

ನಾನು ಗುಡಿಗೆ ಹೋಗಿ ಅತ್ತೆ. "ಯಪ್ಪಾ, ನಿನ್ನ ಮಾರಿಗೇ ಬಟ್ಟಿ ಮುಚ್ಚಾಕತ್ತಾರ, ಸುಮ್ಮ ಕುಂತೀಯಲ್ಲ! ಹೆಂಗರ ಮಾಡಿ ಅವರನ್ನ ಕಾಯಿ" ಎಂದೆ.

ಸ್ವಲ್ಪ ದಿನಕ್ಕೆ ಊರಿನ ಪೊಲೀಸ್ ಠಾಣೆಗೆ ಹೊಸ ಫೌಜದಾರರು ಬಂದರು. ಸಂಜೆಯಾದರೆ ರಸ್ತೆಗಿಳಿದು ಲಾರಿ ನಿಲ್ಲಿಸುವರು. ಇವತ್ತು ಕಾಲುವೆ ಸೇತುವೆ, ನಾಳೆ ಇನ್ನೆಲ್ಲೋ. ಡ್ರೈವರನ ಬಾಯಿ ವಾಸನೆ ಬಂದರೆ ದವಾಖಾನೆಗೆ ಒಯ್ದು ಡಾಕ್ಟರರಿಂದ ಪರೀಕ್ಷೆ ಮಾಡಿಸಿ ಕೇಸು ಹಾಕುವರು. ಮಿಲ್ಲಿನ ಸಾವಕಾರರ ವಶೀಲಿಯೂ ನಡೆಯಲಿಲ್ಲ. ಒಂದು ಸಂಜೆ ನಮ್ಮವರೂ ಸಿಕ್ಕಿಬಿದ್ದರು. ಸುದ್ದಿ ಕೇಳಿ ಠಾಣೆಗೆ ಓಡಿದೆ.

"ನಿನ್ನ ಜೋಡಿ ಯಾರೂ ಬಂದಿಲ್ಲೇನವ್ವ?" ಎಂದರು ಫೌಜದಾರರು.

"ನನಗ್ಯಾರದಾರ್ರಿ ಸಾಹೇಬ್ರ? ಅವರೊಬ್ರ. ಬಿಟ್ಬಿಡ್ರಿ."

"ನಿನಗ ಅವನೊಬ್ನ ಅದಾನ, ಅದಕ್ಕ ಬಿಡಂಗಿಲ್ಲ. ಗಾಡಿ ಇಲ್ಲೇ ಅದ, ಅವನೂ ಇಲ್ಲೇ ಅದಾನ. ಮನಿಗಿ ಹೋಗಿ ಉಣ್ಣು ಹೋಗು, ತಂಗಿ."

ದಾರಿಯುದ್ದಕ್ಕೂ ಬಸವಣ್ಣನಿಗೆ ಬೈದೆ, ಕಾಯಿ ಎಂದರೆ ಠಾಣೆಗೆ ಹಾಕಿಸಿದೆಯಲ್ಲ ಎಂದು. ಮನೆಗೆ ಬಂದು ರೊಟ್ಟಿ ಬಡಿಯುವಾಗ ತಿಳಿಯಿತು, ಇವತ್ತು ನಮ್ಮವರು ಸಾಯುವುದಿಲ್ಲ. ಎಷ್ಟೋ ದಿನದ ಮೇಲೆ ಬಿಸಿ ರೊಟ್ಟಿ ತಿಂದೆ, ಅಳುತ್ತಲೇ.

ಕೋರ್ಟು, ದಂಡ ಎಲ್ಲ ಆಯಿತು. ಕೆಲವು ತಿಂಗಳು ಲೈಸೆನ್ಸೂ ಹೋಯಿತು. ತಪಾಸಣೆ ಅಷ್ಟಕ್ಕೇ ನಿಂತಿದ್ದರೆ ಇವರು ಮತ್ತೆ ಶುರು ಮಾಡುತ್ತಿದ್ದರು, ನನಗೆ ಗೊತ್ತು. ಅದು ನಿಲ್ಲಲಿಲ್ಲ. ಎಲ್ಲಿ ಹಿಡಿಯುತ್ತಾರೋ ಎಂಬ ಅಂಜಿಕೆಗೆ ಡ್ರೈವರುಗಳು ಸೇಂದಿ ಅಂಗಡಿ ದಾಟಿ ಸೀದಾ ಮನೆಗೆ ಬರತೊಡಗಿದರು. ನಮ್ಮವರಿಗೆ ಮೊದಲು ಅಂಜಿಕೆ, ಆಮೇಲೆ ಅದೇ ರೂಢಿಯಾಯಿತು.

ಹೋದ ವರ್ಷ ನಮ್ಮವರು ಜ್ವರ ಬಂದು ತೀರಿಕೊಂಡರು. ಮನೆ ಮತ್ತೆ ಬಿಕೋ ಎನ್ನುತ್ತದೆ, ಸುಳ್ಳೇಕೆ ಹೇಳಲಿ. ಆದರೆ ರಸ್ತೆಯಲ್ಲಿ ಅನಾಥರಂತೆ ಹೋಗಲಿಲ್ಲ. ನನ್ನ ತೊಡೆಯ ಮೇಲೆ ತಲೆಯಿಟ್ಟು, ನನ್ನ ಕೈಯಿಂದ ನೀರು ಕುಡಿದು ಹೋದರು. ಬಸವಣ್ಣ, ನಾನು ನಿನ್ನನ್ನು ಬೈದದ್ದು ಮನಸ್ಸಿಗೆ ಹಚ್ಚಿಕೊಳ್ಳಬೇಡಪ್ಪ.