ಎಮ್ಮೆಗೆ ಹಾಕುತ್ತಿದ್ದ ಕರಿ ಬೆಲ್ಲ

ಮೊದಲ ಸಲ ಉಸಿರು ಸಿಗದೆ ಹೋದದ್ದು ರೊಟ್ಟಿ ಬಡಿಯುವಾಗ. ಬೆಳಗಿನ ಹೊತ್ತು. ಎದೆಯ ಮೇಲೆ ಯಾರೋ ಕುಳಿತಂತಾಯಿತು. ಅತ್ತೆಯನ್ನು ಕರೆಯಲು ಬಾಯಿ ತೆರೆದೆ. ದನಿ ಹೊರಡಲಿಲ್ಲ. ರೊಟ್ಟಿ ಸೀದ ವಾಸನೆ ಹೊರಗೆ ಹೋದ ಮೇಲೆಯೇ ಅವರು ಒಳಗೆ ಓಡಿ ಬಂದದ್ದು.

ಅಸ್ತಮಾ.

ಜಮಖಂಡಿಯ ಡಾಕ್ಟರು ಟೆಸ್ಟ್ ಮಾಡಿಸಿ ಹೇಳಿದರು, ಇನ್‌ಹೇಲರ್ ಕೊಟ್ಟರು. ನಮ್ಮ ಕಡೆ ಅದಕ್ಕೆ ಪಂಪ್ ಎನ್ನುತ್ತೇವೆ. ನಲವತ್ತು ದಾಟುವಷ್ಟರಲ್ಲಿ ಪಂಪಿನವಳಾದೆ. ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸಿದ್ದು ನನ್ನ ಮಾತು ನಿಂತದ್ದು. ನಾನು ಮೊದಲೇ ಬಾಯಾಳಿ. ಈಗ ನಾಲ್ಕು ಶಬ್ದಕ್ಕೊಮ್ಮೆ ನಿಂತು ಏದುಸಿರು ಬಿಡುತ್ತಿದ್ದೆ, ಉಳಿದದ್ದನ್ನು ನಮ್ಮ ಮನೆಯವರು ಪೂರ್ತಿ ಮಾಡುತ್ತಿದ್ದರು. ಅದೂ ತಪ್ಪು ತಪ್ಪಾಗಿ. ನಾನು ಬೇಡ ಎನ್ನಲು ಹೊರಟರೆ ಅವರು ಬೇಕು ಎಂದು ಮುಗಿಸುತ್ತಿದ್ದರು.

ಸುಮ್ಮನೆ ಕೂರುವ ಹೆಂಗಸಲ್ಲ ನಾನು. ಮನೆಯಲ್ಲಿರುವ ವಿಷವನ್ನೆಲ್ಲ ಹೊರಗೆ ಹಾಕುತ್ತೇನೆ ಎಂದು ಸೆರಗು ಕಟ್ಟಿ ನಿಂತೆ. ಸೊಳ್ಳೆಬತ್ತಿ ಹೋಯಿತು. ಫಿನಾಯಿಲ್, ಘಮಘಮ ಸೋಪು, ಊದಿನಕಡ್ಡಿ, ಪ್ಲಾಸ್ಟಿಕ್ ಡಬ್ಬಿಗಳು ಹೋದವು. ತಲೆಗೆ ಸೀಗೆಕಾಯಿ ಬಂತು. ತಟ್ಟೆಗೆ ಜೋಳದ ರೊಟ್ಟಿ, ಮೊಳಕೆ ಬರಿಸಿದ ಮಡಕೆಕಾಳು, ಹತ್ತರಕಿ ಪಲ್ಲೆ, ಅಗಸಿ ಚಟ್ನಿ. ಮನೆಯಲ್ಲಿ ಎಮ್ಮೆ ಇದ್ದರೂ ಹಾಲಿನ ಚಹಾ ಬಿಟ್ಟೆ. ಬಿಳಿ ಸಕ್ಕರೆಯನ್ನಂತೂ ಹೊಸ್ತಿಲು ದಾಟಗೊಡಲಿಲ್ಲ. ಅದರ ಬದಲು ನಮ್ಮದೇ ಬೆಲ್ಲ. ಬೆಳಿಗ್ಗೆ ಬಿಸಿನೀರಿಗೆ ಬೆಲ್ಲ, ಮಧ್ಯಾಹ್ನ ಶೇಂಗಾದ ಜೊತೆ ಬೆಲ್ಲ, ಸಂಜೆ ಕಷಾಯಕ್ಕೆ ಬೆಲ್ಲ. ಈಕೆಗೆ ಹುಚ್ಚು ಹಿಡಿದಿದೆ ಎಂದು ಓಣಿಯವರು ನಕ್ಕರು. ನಗಲಿ ಬಿಡು ಎಂದೆ.

ಉಸಿರು ಮಾತ್ರ ಇನ್ನೂ ಕೆಟ್ಟಿತು.

ಮುಧೋಳ ತಾಲ್ಲೂಕಿನ ನಮ್ಮ ಹೊಲದಲ್ಲಿ ನಮ್ಮದೇ ಒಂದು ಬೆಲ್ಲದ ಗಾಣವಿದೆ. ಫ್ಯಾಕ್ಟರಿಗೆ ಕಳಿಸಿ ಉಳಿದ ಕಬ್ಬನ್ನು ಅಲ್ಲಿಯೇ ಅರೆದು, ದೊಡ್ಡ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯಿಸಿ, ಬೆಲ್ಲದ ಪೆಂಟಿ, ಅಂದರೆ ದೊಡ್ಡ ದೊಡ್ಡ ಉಂಡೆ, ಮಾಡುತ್ತೇವೆ. ಪ್ರತಿ ಸಲ ಎಲ್ಲಕ್ಕಿಂತ ಹಳದಿಯಾದ ಪೆಂಟಿಯನ್ನು ಅತ್ತೆಯೇ ಆರಿಸಿ ದೇವರ ಜಗಲಿಯ ಮೇಲಿಡಬೇಕು. ಆಮೇಲೆ ಅದು ಮನೆಮಂದಿಗೆ, ಬಂದವರಿಗೆ. ಬಣ್ಣ ಕೆಟ್ಟು ಕಪ್ಪಾದದ್ದು ಎಮ್ಮೆಯ ಮುಂದೆ. "ನಮ್ಮ ಮನಿ ಬೆಲ್ಲ ಅಂದ್ರ ಬಂಗಾರ" ಎಂದು ಅತ್ತೆ ಬೀಗರ ಮುಂದೆ ಹೇಳುವುದನ್ನು ನೀವು ಕೇಳಬೇಕು.

ಮೂರನೆಯ ಸಲ ಆಸ್ಪತ್ರೆಯಲ್ಲಿ ನೆಬ್ಯುಲೈಸರ್ ಹಾಕಿಸಿಕೊಂಡ ಮೇಲೆ ಡಾಕ್ಟರು, ಒಂದು ವಾರ ತಿಂದದ್ದನ್ನೆಲ್ಲ ಬರೆದು ತರಲು ಹೇಳಿದರು. ಹೆಮ್ಮೆಯಿಂದಲೇ ಬರೆದೆ. ಚೀಟಿ ಓದುತ್ತ ಓದುತ್ತ ಅವರು ಒಂದು ಕಡೆ ಬೆರಳಿಟ್ಟರು.

"ಇಷ್ಟ ಬೆಲ್ಲ ತಿಂತೀರಿ. ಎಲ್ಲಿಂದ ತರಸ್ತೀರಿ?"

"ತರಸೂದ್ಯಾಕ್ರಿ? ನಮ್ಮದ ಗಾಣ ಐತಿ."

"ಬಣ್ಣ ಹೆಂಗಿರತೈತಿ?"

"ಬಂಗಾರ ಇದ್ದಂಗ್ರಿ."

"ಅದಕ್ಕ ಏನ ಹಾಕ್ತೀರಿ?"

ನಾನು ನಮ್ಮ ಮನೆಯವರ ಮುಖ ನೋಡಿದೆ. ಅವರು ಫ್ಯಾನ್ ನೋಡುತ್ತಲೇ ಹೇಳಿದರು.

"ಸ್ವಲ್ಪ ಹೈಡ್ರೋಸ್ ಪೌಡರ್ ಹಾಕ್ತೀವ್ರಿ. ಹಳದಿ ಬರಲಿ ಅಂತ. ಎಲ್ಲಾರೂ ಹಾಕ್ತಾರ್ರಿ."

ಅದರಿಂದ ಬೆಲ್ಲದಲ್ಲಿ ಉಳಿಯುವ ಸಲ್ಫೈಟ್ ಎಂಬ ರಾಸಾಯನಿಕ ಕೆಲವು ಅಸ್ತಮಾದವರಿಗೆ ಆಗುವುದಿಲ್ಲ, ಎಲ್ಲರಿಗೂ ಅಲ್ಲ, ನಿಮಗೆ ಹೇಗೋ ನೋಡೋಣ ಎಂದರು ಡಾಕ್ಟರು. ಹದಿನೈದು ದಿನ ಆ ಬೆಲ್ಲ ಬೇಡ, ಗಾಣದ ಕಡೆ ಹೋಗುವುದೂ ಬೇಡ. "ಪಂಪ್ ಮಾತ್ರ ಬಿಡಬ್ಯಾಡ್ರಿ" ಎಂದು ಎರಡು ಸಲ ಹೇಳಿದರು.

ಅಯ್ಯೋ ನನ್ನ ಕರ್ಮವೇ! ಊರಿನ ಸೋಪನ್ನೆಲ್ಲ ಬೈದು, ನಮ್ಮ ಮನೆಯ ಪುಡಿಯನ್ನೇ ದಿನಕ್ಕೆ ಮೂರು ಹೊತ್ತು ತಿಂದಿದ್ದೆ. ನನಗಿಂತ ನಮ್ಮ ಎಮ್ಮೆಯೇ ಚಲೋ ಬೆಲ್ಲ ತಿಂದಿತ್ತು ಎಂದುಕೊಂಡು ನಕ್ಕೆ. ಆಮೇಲೆ ತಿಳಿಯಿತು, ಅದರ ಬೆಲ್ಲವೂ ಅದೇ ಕೊಪ್ಪರಿಗೆಯದು, ತಳ ಹಿಡಿದು ಕಪ್ಪಾದದ್ದು ಅಷ್ಟೇ. ಪಾಪ, ಅದಕ್ಕೂ ಮೋಸ.

ಹದಿನೈದು ದಿನದಲ್ಲಿ ಎದೆ ಹಗುರಾಯಿತು. ಪೂರ್ತಿ ಅಲ್ಲ. ಮೆಟ್ಟಿಲು ಹತ್ತುವಷ್ಟು.

ಹೊಸ ಹಂಗಾಮು ಶುರುವಾಗುವ ಮುಂಚೆ ಪುಡಿಯ ಡಬ್ಬಿ ತಂದು ಅಂಗಳದಲ್ಲಿಟ್ಟೆ. ಇದು ನಮ್ಮ ಗಾಣದಲ್ಲಿ ಇನ್ನು ಬೇಡ ಎಂದೆ. ಅಷ್ಟು ಹೇಳಲು ಎರಡು ಸಲ ನಿಲ್ಲಬೇಕಾಯಿತು.

"ಹುಚ್ಚಿ, ಕರಿ ಬೆಲ್ಲ ನೋಡಿದ್ರ ವ್ಯಾಪಾರಿ ಮಾರಿ ತಿರುವತಾನ" ಎಂದರು ನಮ್ಮ ಮನೆಯವರು. ಆಮೇಲೆ ಸಮಾಧಾನಕ್ಕೆ ಬಂದರು. "ಒಂದ ಕೆಲಸ ಮಾಡೂಣು. ನಿನಗ ಬ್ಯಾರೆ ಮಾಡ್ತೀನಿ. ಪ್ಯಾಟಿಗಿ ಮಾತ್ರ ಹಳದಿ ಹೋಗಲಿ."

ಪ್ರೀತಿಯಿಂದಲೇ ಹೇಳಿದರು, ಸುಳ್ಳು ಹೇಳಲಾರೆ. ಆದರೂ ನನಗೆ ಮೈಯೆಲ್ಲ ಉರಿಯಿತು.

"ಮಂದಿ ಮನ್ಯಾಗ ನನ್ನಂಥಾಕಿ ಒಬ್ಬಾಕಿ ಇರಂಗಿಲ್ಲೇನ್ರಿ?"

ಅವರು ಎದ್ದು ಹೊಲಕ್ಕೆ ಹೋದರು. ಮೂರನೆಯ ದಿನ ಬೆಂಡೆಯ ದಂಟು ಕಡಿದು ತಂದು ಜಜ್ಜಿ ನೀರಿಗೆ ಹಾಕಿದರು. ಅದರ ಲೋಳೆಯನ್ನು ಕುದಿಯುವ ಕಬ್ಬಿನ ಹಾಲಿಗೆ ಸುರಿದರೆ ಹೊಲಸು ಮೇಲೆ ಬರುತ್ತದೆ, ಪುಡಿ ಬೇಕಾಗುವುದಿಲ್ಲ. ಅವರ ಅಜ್ಜ ಹಾಗೆಯೇ ಮಾಡುತ್ತಿದ್ದರಂತೆ.

ಪೆಂಟಿಗಳು ಹೊರಬಂದವು. ಒಂದೂ ಹಳದಿಯಿಲ್ಲ. ಎಲ್ಲ ಹೊಲದ ಮಣ್ಣಿನ ಬಣ್ಣ. ಅತ್ತೆ ಒಂದೊಂದನ್ನೇ ಹೊರಳಿಸಿ ನೋಡಿದರು. "ಇದರಾಗ ದೇವರಿಗಿ ಯಾವದು ಆರಸಲಿ ಬೇ?" ಎಂದರು. ಕಣ್ಣಲ್ಲಿ ನೀರಿತ್ತು. ನನಗೂ ಸಂಕಟವಾಯಿತು, ಆದರೆ ಸೋಲಲಿಲ್ಲ. ಕೊನೆಗೆ ಅತ್ತೆಯೇ ಒಂದನ್ನು ಎತ್ತಿ ಜಗಲಿಯ ಮೇಲಿಟ್ಟು ಹೊರಗೆ ಹೋದರು. ಪೇಟೆಗೆ ಹೋದದ್ದರಲ್ಲಿ ಅರ್ಧ ವಾಪಸು ಬಂತು. ಬರಲಿ.

ಕಳೆದ ವಾರ ಬೀಳಗಿಯಿಂದ ನಾದಿನಿ ಬಂದಿದ್ದಳು. ವಾಡಿಕೆಯಂತೆ ಮೊದಲು ನೀರು, ಬೆಲ್ಲ ಕೊಟ್ಟೆ. ತಟ್ಟೆ ನೋಡಿ ಹುಬ್ಬೇರಿಸಿದಳು.

"ವೈನಿ, ಇದೇನಿದು? ಎಮ್ಮಿಗಿ ಹಾಕೂದು ನನಗ ಕೊಟ್ಟೀರಿ?"

ನಾನು ಬಾಯಿ ತೆರೆದೆ. ಅಭ್ಯಾಸಬಲದಿಂದ ನಮ್ಮ ಮನೆಯವರು ನಡುವೆ ಬಾಯಿ ಹಾಕಿದರು: "ಅದು ಏನಾತಂದ್ರ..."

ಕೈ ಅಡ್ಡ ಹಿಡಿದೆ. "ನೀವು ಸುಮ್ಮನಿರ್ರಿ. ನಾನ ಹೇಳ್ತೀನಿ."

ಪುಡಿ, ಕೊಪ್ಪರಿಗೆ, ಡಾಕ್ಟರು ಬೆರಳಿಟ್ಟ ಚೀಟಿ, ಬೆಂಡೆಯ ದಂಟು, ಎಲ್ಲ ಹೇಳಿದೆ. ಪಂಪ್ ಸೊಂಟದ ಚೀಲದಲ್ಲೇ ಇತ್ತು. ಅದು ಇನ್ನೂ ಇರುತ್ತದೆ, ನಾಳೆ ಬೇಕಾದರೂ ಬೇಕಾದೀತು. ಆದರೆ ಆ ಹೊತ್ತು ಅದನ್ನು ಮುಟ್ಟಲಿಲ್ಲ, ನಡುವೆ ಎಲ್ಲಿಯೂ ನಿಲ್ಲಲಿಲ್ಲ.

ನನ್ನ ಮಾತನ್ನು ನಾನೇ ಮುಗಿಸಿದೆ.