ಗಂಗಾಳದ ಮೇಲೆ ಕಣ್ಣು

ಇವತ್ತು ಬೆಳಿಗ್ಗೆ ಮನೆಯೊಡೆಯ ಸಿದ್ದಪ್ಪನವರ ಅಡುಗೆಮನೆಯಿಂದ ನವಣೆ ಹುರಿಯುವ ವಾಸನೆ ಬಂತು. ಚಳ್ಳಕೆರೆಯ ಕಂಬಳಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತ, ಇವರ ಹೊರಕೋಣೆಯಲ್ಲಿ ಒಬ್ಬನೇ ಬೇಯಿಸಿ ತಿನ್ನುವ ನನ್ನಂಥವನಿಗೆ ಅದು ಹಬ್ಬದ ವಾಸನೆ. ಮೂಗರಳಿಸಿ ಕೂತಿದ್ದೆ. ಅಷ್ಟರಲ್ಲಿ ಜಗುಲಿಯಿಂದ ಅವರ ದನಿ ಕೇಳಿತು.

"ಕೇಳಿದ್ಯೇನಪ್ಪಾ? ನಮ್ಮ ಗಂಗಿ ವಾರದಾಗೆ ನಾಕು ದಿನ ಒಪ್ಪತ್ತು ಮಾಡ್ತಾಳೆ! ಇಷ್ಟು ಸಣ್ಣ ಕೂಸಿಗೆ ಎಂಥಾ ಭಕ್ತಿ ನೋಡು!"

ಒಪ್ಪತ್ತೆಂದರೆ ದಿನಕ್ಕೆ ಒಂದೇ ಹೊತ್ತಿನ ಊಟ. ಅವರ ಮಗಳು ಗಂಗಿ ಬಾಗಿಲ ಹಿಂದೆ ನಿಂತಿದ್ದಳು, ಕಂಬಳಿ ಹೊದ್ದು. ಬೇಸಿಗೆಯಲ್ಲಿ ಕಂಬಳಿ! ಕೈಯಲ್ಲಿದ್ದ ಬರೆಯುವ ಟಾಕಿನ ಮುಳ್ಳು ಕಾಗದಕ್ಕೆ ಒತ್ತಿ ಮುರಿಯಿತು. ಮಳೆ ಎಷ್ಟು ಬಿತ್ತು, ದೀಪಕ್ಕೆ ಎಣ್ಣೆ ಎಷ್ಟು ಸುಟ್ಟಿತು ಎಂದು ದಿನಾ ಬರೆದಿಡುವ ಮನುಷ್ಯ ನಾನು. ಮುರಿದ ಮುಳ್ಳನ್ನೂ ಬರೆದುಕೊಂಡೆ. ಸಿಟ್ಟನ್ನು ಯಾವ ಲೆಕ್ಕಕ್ಕೆ ಹಾಕುವುದೋ ತಿಳಿಯಲಿಲ್ಲ.

ಬೇಸಿಗೆಯಲ್ಲಿ ಹೊದ್ದ ಅಂಥದೇ ಕಂಬಳಿಯನ್ನು ನಾನು ಮೊದಲೇ ಕಂಡಿದ್ದೆ. ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ, ನನ್ನ ತಂಗಿ ನಾಗಿಯ ಮೈಮೇಲೆ.

ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ಅಪ್ಪ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದ. ಲಾಳಿಗೆ ಬೇಕಾದ ಕಂಡಿಕೆಗಳಿಗೆ ನೂಲು ಸುತ್ತುವುದು ನಾಗಿಯ ಕೆಲಸ. ಒಂದು ದಿನ ಅಪ್ಪನ ಅಕ್ಕ, ರಾಯದುರ್ಗದ ಅತ್ತೆ, ಊಟಕ್ಕೆ ಕೂತಾಗ ನಾಗಿ ಎರಡನೆಯ ಮುದ್ದೆಗೆ ಕೈಚಾಚಿದಳು. "ಅಬ್ಬಬ್ಬಾ, ಇವಳದು ಹೊಟ್ಟೆ ಅಲ್ಲ, ಮಗ್ಗದ ಗುಂಡಿ!" ಎಂದರು ಅತ್ತೆ. ಎಲ್ಲರೂ ನಕ್ಕರು. ನಾಗಿ ಮುದ್ದೆಯನ್ನು ತಿರುಗಿ ಬುಟ್ಟಿಗಿಟ್ಟಳು.

ಮುಂದಿನ ಸೋಮವಾರ ಅವಳು ಒಪ್ಪತ್ತು ಹಿಡಿದಳು. ಆಮೇಲೆ ಗುರುವಾರ, ಆಮೇಲೆ ಶನಿವಾರ. ಉಳಿದ ದಿನ ಹೊಟ್ಟೆನೋವು. ಅದೇ ಅತ್ತೆ ಮತ್ತೆ ಬಂದವರು ಅವಳ ಗಲ್ಲ ಹಿಡಿದು, ತಮ್ಮ ತೆಲುಗಿನಲ್ಲಿ "ನಾ ಬಂಗಾರು ತಲ್ಲಿ" ಎಂದು ಮುದ್ದಿಸಿದರು. ಚಿನ್ನದಂಥ ತಾಯಿಯಂತೆ! ತಿಂದರೆ ಗುಂಡಿ, ತಿನ್ನದಿದ್ದರೆ ಚಿನ್ನ. ಎರಡೂ ಒಂದೇ ಬಾಯಿಂದ. ನೆರೆಯ ಹೆಂಗಸರು ತಮ್ಮ ಹೆಣ್ಣುಮಕ್ಕಳನ್ನು ಕರೆತಂದು ತೋರಿಸಿದರು. ನನ್ನ ತಂಗಿ ಒಣಗಿ, ಬೇಸಿಗೆಯಲ್ಲೂ ಚಳಿಯೆಂದು ಕಂಬಳಿ ಹೊದೆಯುತ್ತಿದ್ದಳು, ಊರು ಕೈಮುಗಿಯುತ್ತಿತ್ತು. ಇವತ್ತಿಗೂ ಅದನ್ನು ನೆನೆದರೆ ನನ್ನ ಹಲ್ಲು ಕಟಕಟ ಎನ್ನುತ್ತದೆ.

ಅಪ್ಪನಿಗೆ ತಿಳಿದದ್ದು ಹೇಗೆ ಗೊತ್ತೇ? ಲಾಳಿಯಲ್ಲಿ ನೂಲು ಸಿಕ್ಕುಬಿತ್ತು. "ಲೇ ನಾಗಿ, ಕಂಡಿಕೆ ಸಡ್ಲ ಐತಲ್ಲೇ, ಕೈಯಾಗೆ ಶಕ್ತಿ ಇಲ್ಲೇನೇ?" ಎಂದು ಕೂಗಿ, ಆಗ ತಲೆ ಎತ್ತಿ ಅವಳನ್ನು ನೋಡಿದ. ಮಗಳ ಮುಖದಲ್ಲಿ ಕಾಣದ್ದು ನೂಲಿನಲ್ಲಿ ಕಂಡಿತು.

ಕಂಡಮೇಲೆ ಮಾಡಿದ್ದಾದರೂ ಏನು? ದವಡೆ ಹಿಡಿದು ಮುದ್ದೆ ತುರುಕಿದ. ಅವಳು ಹಿತ್ತಲಿಗೆ ಹೋಗಿ ಕಕ್ಕಿ ಬಂದಳು. ಗಾಳಿ ಹಿಡಿದಿದೆ ಎಂದರು ಅತ್ತೆ. ಬೇವಿನ ಸೊಪ್ಪಿನಿಂದ ಹೊಡೆಸಿದರು. ಊಟದ ಹೊತ್ತಿಗೆ ಮನೆಮಂದಿಯೆಲ್ಲ ಅವಳ ಗಂಗಾಳವನ್ನೇ ನೋಡುತ್ತ ಕೂರುವುದು, ಒಂದು ತುತ್ತು ಇಳಿದರೆ "ತಿಂದ್ಳು, ತಿಂದ್ಳು!" ಎಂದು ಗದ್ದಲವೆಬ್ಬಿಸುವುದು. ಹಾಗೆ ನೋಡಿಸಿಕೊಂಡು ನೀವಾದರೂ ಉಣ್ಣುತ್ತಿದ್ದಿರೇ?

ಒಂದು ಮಧ್ಯಾಹ್ನ ನಾಗಿ ರಾಟೆಯ ಮುಂದೆಯೇ ಬಿದ್ದಳು. ಊರ ಪಂಡಿತರು ನಾಡಿ ಹಿಡಿದು, "ಒಮ್ಮೆಗೇ ತುರುಕಿದ್ರೆ ಜೀವಕ್ಕೇ ಕುತ್ತು. ತೆಳ್ಳನೆ ಗಂಜಿ, ಸ್ವಲ್ಪ ಸ್ವಲ್ಪ, ಮೇಲಿಂದ ಮೇಲೆ. ಹಿಂಗೇ ಬಿಟ್ರೆ ಉಳಿಯೋದು ಕಷ್ಟ" ಎಂದರು.

ಅಲ್ಲಿಯವರೆಗೂ ಮಾತಿಲ್ಲದೆ ಬಡಿಸುತ್ತಿದ್ದ ಅವ್ವ ಸೆರಗು ಸಿಕ್ಕಿಸಿ ಎದ್ದಳು. "ಇನ್ನ ಯಾರಾದ್ರೂ ನನ್ನ ಮಗಳ ಗಂಗಾಳದ ಮ್ಯಾಲೆ ಕಣ್ಣಿಟ್ರೆ, ಅವರ ಗಂಗಾಳ ಬೀದಿಗಿಡ್ತೀನಿ. ದಪ್ಪ ಅನ್ನಂಗಿಲ್ಲ, ಸಣ್ಣ ಅನ್ನಂಗಿಲ್ಲ, ಬಂಗಾರು ಗಿಂಗಾರು ಅನ್ನಂಗಿಲ್ಲ. ಅತ್ತಿಗೆಮ್ಮಾ, ಗಾಡಿ ಕಟ್ಟಿಸ್ಲಾ?"

ಅತ್ತೆ ಅವತ್ತೇ ಹೊರಟರು.

ಗಂಜಿಯ ಮುಂದೆ ನಾಗಿ, "ದೇವರಿಗೆ ನೇಮ ಹಿಡಿದೀನವ್ವ" ಎಂದಳು.

"ದೇವರ ಹತ್ರ ನಾನು ಮಾತಾಡ್ತೀನಿ. ಹೆದರಿಕೆ ಆಗ್ತೈತೇನೇ?"

ನಾಗಿ "ಹೂಂ" ಎಂದಳು.

"ಹಂಗಾದ್ರೆ ಹೆದರ್ಕಂಡೇ ಕುಡಿ. ನಾನಿಲ್ಲೇ ಕುಂತಿರ್ತೀನಿ."

ಕೂತಳು. ತಾನೂ ಅದೇ ಗಂಜಿ ಬಡಿಸಿಕೊಂಡು, ದಿನಾ ಅದೇ ಹೊತ್ತಿಗೆ, ಪಕ್ಕದಲ್ಲೇ. ಬೈಯಲಿಲ್ಲ, ಬೇಡಿಕೊಳ್ಳಲಿಲ್ಲ, ಬಿಟ್ಟೂ ಕೊಡಲಿಲ್ಲ. ಉಂಡಮೇಲೆ ಹಿತ್ತಲಿಗೆ ಹೋಗಲು ಬಿಡದೆ, ಮಾತಾಡುತ್ತ ತಾನೇ ಜೊತೆಗೆ ಕಂಡಿಕೆ ಸುತ್ತಿದಳು. ಅಪ್ಪ ಮಗ್ಗ ನಿಲ್ಲಿಸಿ ಊಟಕ್ಕೆ ಬರಲೇಬೇಕು, ಊಟದ ಮಾತೊಂದನ್ನು ಬಿಟ್ಟು ಬೇರೇನಾದರೂ ಹೇಳಲೇಬೇಕು. ಪಾಪ, ಅವನಿಗೆ ಬರುತ್ತಿದ್ದುದು ಒಂದೇ ಕಥೆ: ಕತ್ತೆ ಮಾರಲು ಸಂತೆಗೆ ಹೋದವನು, ಮಾರಿದ ಮೇಲೆ ಯಾರೋ ಮೈ ತೊಳೆದು ನಿಲ್ಲಿಸಿದ ಅದೇ ಕತ್ತೆಯನ್ನು ಹೊಸದೆಂದು ಕೊಂಡು ಬಂದದ್ದು. ಅದನ್ನೇ ತಿಂಗಳುಗಟ್ಟಲೆ ಹೇಳಿದ. ನಾನೋ, ತಂಗಿಯ ತುತ್ತುಗಳಿಗೂ ಒಂದು ಪಟ್ಟಿ ಮಾಡೋಣವೆಂದು ಕಾಗದಕ್ಕೆ ಗೀಟು ಹಾಕುತ್ತಿದ್ದೆ. ಅವ್ವ ಅದನ್ನು ಒಲೆಗೆ ಹಾಕಿ, "ನಿನ್ನ ಮಳೆ ಎಣಿಸ್ಕೋ ಹೋಗು" ಎಂದಳು.

ಒಂದೇ ಸಲಕ್ಕೆ ಸರಿಹೋಗಲಿಲ್ಲ. ಕಾರ್ತಿಕದಲ್ಲಿ ನಾಗಿ ಮತ್ತೆ ಊಟ ಬಿಟ್ಟಳು. ಅವ್ವ ಮತ್ತೆ ಕೂತಳು. ಈಗ ನಾಗಿ ಸುತ್ತಿದ ಕಂಡಿಕೆ ಕಲ್ಲಿನಂತೆ ಬಿಗಿ.

ಇವತ್ತು ಮಧ್ಯಾಹ್ನ ಸಿದ್ದಪ್ಪನವರಿಗೆ ಹೇಳಿಯೇಬಿಟ್ಟೆ. "ಅದು ಭಕ್ತಿ ಅಲ್ರಿ, ಹೆದರಿಕೆ. ನೀವು ಹೊಗಳಿ ಹೊಗಳಿ ಕೂಸನ್ನ ಕೊಲ್ತಾ ಇದೀರಿ." ನನ್ನ ದನಿ ಬೀದಿಗೆ ಕೇಳಿಸಿರಬೇಕು.

"ಲೇ, ಲೆಕ್ಕ ಬರಿಯೋನು ದೇವರ ವಿಷಯಕ್ಕೆ ಬರ್ತೀಯೇನಲೇ?" ಎಂದು ಅವರು ಎದ್ದು ನಿಂತರು. ಆದರೆ ಒಳಗಿಂದ ಅವರ ಹೆಂಡತಿ ಮೆಲ್ಲಗೆ, "ಕೂಸಿನ ಕೂದಲು ಹಿಡಿ ಹಿಡಿ ಉದುರ್ತೈತ್ರೀ" ಎಂದರು. ಸಿದ್ದಪ್ಪನವರು ಹಾಗೆಯೇ ಕೂತುಬಿಟ್ಟರು.

"ಏನು ಮಾಡ್ಲಪ್ಪಾ?" ಎಂದು ಆಕೆ ನನ್ನನ್ನು ಕೇಳಿದರು.

"ಮೊದಲು ಪಂಡಿತರಿಗೆ ತೋರ್ಸನ, ಸಂಜೆಗೇ ಕರ್ಕಂಡು ಬರ್ತೀನಿ. ಈಗ ಗಂಜಿ ಮಾಡ್ರಿ. ನೀವೂ ಬಡಿಸ್ಕಂಡು ಅವಳ ಪಕ್ಕ ಕುಂತ್ಕಳ್ರಿ."

ನನ್ನ ಗಂಗಾಳ ಹಿಡಿದು ನಾನೂ ಹೋಗಿ ಕೂತೆ. ಗಂಗಿ ಕಂಬಳಿಯೊಳಗೆ ಮುದುಡಿದ್ದಳು. ಸಿದ್ದಪ್ಪನವರ ಕಣ್ಣು ಅವಳ ಗಂಗಾಳದತ್ತ ಹೊರಳಿತು.

"ಇತ್ಲಾಗೆ ನೋಡ್ರಿ ಸಿದ್ದಪ್ಪನೋರೇ," ಎಂದೆ. "ನಮ್ಮೂರಾಗೆ ಒಬ್ಬ ಕತ್ತೆ ಮಾರಾಕೆ ಹೋಗಿದ್ದ..."

ಅಪ್ಪನಿಗಿಂತ ಕೆಟ್ಟದಾಗಿ ಹೇಳಿದೆ. ಗಂಗಿ ಎಷ್ಟು ಕುಡಿದಳೋ ಗೊತ್ತಿಲ್ಲ. ನಾನು ನೋಡಲಿಲ್ಲ.